ಗಾಳಿ ಹಿಡಿದ ಹಿಟ್ಟು

ಉಪ್ಪಿನಕಾಯಿ ಬಾಟ್ಲಿಯೊಳಗ ಆರು ದಿನ
ಗೋದಿಹಿಟ್ಟು, ನೀರು. ಮತ್ತೇನೂ ಹಾಕಿಲ್ಲ, ಆಣಿ ಮಾಡಿ ಹೇಳತೀನಿ.
ಏಳನೇ ದಿನ ನಸುಕಿನ್ಯಾಗ ಮುಚ್ಚಳ ತಾನ ಎದ್ದು
ವಾರಿ ಟೊಪಿಗಿ ಹಾಕ್ಕೊಂಡ ಪೋರನಂಗ ಕುಂತಿತ್ತು.
ಫಕೀರವ್ವ ಮೂಸಿ ನೋಡಿ ಮಾರು ದೂರ ಸರದ್ಲು:
"ಇದಕ್ಕ ಗಾಳಿ ಹಿಡದೈತಿ. ಗಟಾರಕ್ಕ ಚೆಲ್ಲಿ ಬರ್ರಿ."

ಹಿಡದದ್ದು ಖರೇನ.
ಗದಗ ರೋಡಿನ ಗಾಳಿ ಅದು:
ಬ್ಯಾಡಗಿಗೆ ಹೋಗೋ ಮೆಣಸಿನಕಾಯಿ ಲಾರಿ ಬಿಟ್ಟ ಘಾಟು,
ಗ್ರೀಸು, ಕಬ್ಬಿಣದ ಪುಡಿ, ಎದುರುಮನಿ ಊದಿನಕಡ್ಡಿ,
ಇವುಗಳ ನಡುವ ಹೆಸರಿಲ್ಲದ ಯಾವ ಜೀವ
ಕಿಡಕಿ ಜಾಳಗಿ ದಾಟಿ ಬಂತೋ.
ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದು ಅಂತ
ನಮ್ಮ ಓಣಿಯೊಳಗ ಕಟ್ಟು.
ಗಾಳಿಗೆ ಯಾವ ಓಣಿ?
ಅಪರಾತ್ರಿ ಬಂದು ಹೆಪ್ಪು ಹಾಕಿ ಹೋಗೈತಿ.

ಗಾಳಿ ನನಗ ಹೊಸಾದಲ್ಲ.
ವರ್ಕ್‌ಶಾಪಿನ ಬ್ರೇಕ್ ಸೆಕ್ಷನ್ನಿನ್ಯಾಗ ಇಪ್ಪತ್ತೊಂಬತ್ತು ವರ್ಷ
ಪೈಪಿನ ಜೋಡಿಗೆ ಸಾಬಣ್ಣೀರು ಬಳದು
ಗುಳ್ಳಿ ಏಳತೈತೇನು ಅಂತ ನೋಡಿದ ಕಣ್ಣಿವು.
ಅಲ್ಲಿ ಒಂದು ಗುಳ್ಳಿ ಎದ್ದರ ಬೋಗಿ ಹೊರಗ ಬಿಡೂದಿಲ್ಲ,
ಗಾಳಿ ಸೋರಿದರ ಗಾಡಿ ನಡುದಾರಿಯೊಳಗ ನಿಲ್ಲತೈತಿ.
ಇಲ್ಲಿ ಗುಳ್ಳಿ ಏಳಲಿಲ್ಲಂದ್ರ ನಿದ್ದಿ ಬರವಲ್ದು.
ಹಿಂತಾ ತಲಿಕೆಳಗ ಕೆಲಸ, ಈ ವಯಸ್ಸಿನ್ಯಾಗ!

ಇದರ ಹುಚ್ಚು ಹಚ್ಚಿದಾಕಿ ಅಪ್ರೆಂಟಿಸ್ ಹುಡುಗಿ ಎಸ್ತೇರ.
ಡಬ್ಬಿ ಬಿಚ್ಚಿ ಒಂದು ತುಣುಕು ಕೊಟ್ಟು
"ಫೊಕಾಚಾ ರೀ, ಕಾಕಾ" ಅಂದ್ಲು.
ಮನಿಗೆ ಬಂದು ಹೇಳಿದರ ಫಕೀರವ್ವ:
"ಚಾ ಅಂತೀರಿ, ಕಪ್ಪು-ಬಸಿ ಎಲ್ಲಿ?"

ಇವತ್ತು ಜಡ್ಡಿನ ರಜಾ. ಜಡ್ಡು ಯಾವುದಂತ ಬರದಿಲ್ಲ.
ಮುಂಜಾನಿ ಭೋಂಗಾ ಒದರಿದಾಗ ನಾದಿದೆ,
ಊಟದ ಭೋಂಗಾಕ್ಕ ಮಡಚಿದೆ, ಊಟ ಮುಗದದ್ದಕ್ಕ ಮತ್ತೊಮ್ಮೆ.
ಒದ್ದಿ ಕೈಗೆ ಅಂಟೂದು ಬಿಟ್ಟು ಹಿಟ್ಟು
ಹೊಟ್ಟಿ ತುಂಬಿದ ಕೂಸಿನಂಗ ನುಣ್ಣಗಾತು.
ಆಲಿವ್ ಎಣ್ಣಿ ಕೇಳಾಕ ಹೋದರ ಔಷಧ ಅಂಗಡಿಯಾಂವ
ಬೆರಳುದ್ದದ ಬಾಟ್ಲಿ ಮುಂದಿಟ್ಟು
"ಮೊಮ್ಮಗ ಎಷ್ಟು ತಿಂಗಳದಾನ್ರೀ?" ಅಂದ.
ಸುಮ್ಮನ ಬಂದು ಕುಸುಬಿ ಎಣ್ಣಿ ಸುರುವಿದೆ.

ಪರಾತದಾಗ ಹರವಿ ಬೆರಳೂರಿದೆ.
ಹತ್ತು ಬೆರಳಿಗೆ ಒಂಬತ್ತೂವರಿ ಕುಣಿ.
ಎಡಗೈ ತೋರಬೆರಳಿನ ತುದಿ
ಒಂದು ಹೋಸ್ ಪೈಪು ಕಚ್ಚಿ ಒಯ್ದು ಎಷ್ಟೋ ವರ್ಷ.
ರೈಲ್ವೆ ದವಾಖಾನಿಯೊಳಗ ಹನ್ನೊಂದು ದಿನ ಕೈತುತ್ತು ತಿಂದಿದ್ದೆ,
ಯಾರ ಕೈಯಿಂದ ಅಂತ ಕೇಳಬ್ಯಾಡ್ರಿ.
ಎಣ್ಣಿ ಎಲ್ಲಾ ಕುಣಿಗೂ ಇಳೀತು,
ಆ ಒಂದರಾಗ ಮಾತ್ರ ನಿಲ್ಲದ ಜಾರೀತು.

ಓವನ್ನಿನ ಕೆಂಪು ದೀಪ ಹತ್ತಿ ಐದು ನಿಮಿಷ. ಕರೆಂಟ್ ಹೋತು.
ಹೆಸ್ಕಾಂಗೆ ಫೋನ್ ಮಾಡಿದೆ, ಎತ್ತಲಿಲ್ಲ.
ಎದ್ದ ಹಿಟ್ಟು ಯಾರಿಗೂ ಕಾಯೂದಿಲ್ಲ,
ಗಾಳಿ ಇಳದ್ರ ಇಳೀತು.
ಬಾಗಲಾಗ ನಿಂತು ನೋಡಿದಾಕಿ ಏನೂ ಅನ್ನಲಿಲ್ಲ.
ಹಿತ್ತಲ ಒಲಿಗೆ ಕಟಿಗಿ ಒಟ್ಟಿದ್ಲು,
ರೊಟ್ಟಿ ಹಂಚು ಏರಿಸಿ ಪರಾತ ಇಟ್ಲು,
ಮ್ಯಾಲೊಂದು ಹಂಚು ಬೋರಲು ಹಾಕಿ ಕೆಂಡ ಸುರುವಿದ್ಲು.
"ರೊಟ್ಟಿ ಬಡಿಯೂದು ಅಂಗೈಲೆ," ಅಂದ್ಲು ಕೊನಿಗೆ,
"ಇದೇನು ಬೆರಳಿಲೆ ಚುಚ್ಚೂದು? ಅದಕ್ಕ ನೋವಾಗೂದಿಲ್ಲೇನು?"

ಒಂದು ಮಗ್ಗಲ ಕರಕ. ನಡುವ ಮೆತ್ತಗ, ಹುಳಿ ಹುಳಿ,
ಮುರದಲ್ಲೆಲ್ಲಾ ಗಾಳಿ ಇದ್ದು ಹೋದ ಸಣ್ಣ ಸಣ್ಣ ಖೋಲಿ.
ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ್ಲು, ಚಲೋ ಐತಿ ಅನ್ನಲಿಲ್ಲ.
ಅರ್ಧಾ ಕುಣಿ ಇದ್ದ ತುಣುಕು ಹುಡಿಕಿ
ತನ್ನ ತಾಟಿಗೆ ಎಳಕೊಂಡ್ಲು.

ಆವಾಗ ಕರೆಂಟ್ ಬಂತು.
ಒಳಗ ಖಾಲಿ ಓವನ್ನು
ಕೆಂಪಗ ಉರಕೋತ ಕುಂತಿತ್ತು,
ನಾವು ಆರಿಸಾಕ ಏಳಲಿಲ್ಲ.